ಮಲೆನಾಡಿನ ಬಂಡಿಗಳಲ್ಲಿ ನಾದದ ಹೊಂದಿಕೆ

ಹಿಂದೆ ಎಡೇಹಳ್ಳಿಯೆಂದು ಹೆಸರಾಗಿದ್ದ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಬರುತ್ತಿದ್ದ ಕಿರುರೈಲು ನಿಂತುಹೋದ ಮೇಲೆ, ಆ ಊರಿಗೂ ಕೊಪ್ಪ ಶೃಂಗೇರಿಗಳಿಗೂ ಹೊರಪ್ರಪಂಚದೊಡನೆ ಉಳಿದ ಸಂಬಂಧವೆಲ್ಲ ಮೋಟಾರಿನ ಮೂಲಕವೇ ನಡೆಯಬೇಕಾಯಿತು. ಅಡಕೆ ಮೂಟೆಯೂ ಕಾಫಿ ಚೀಲವೂ ಮದುವೆಯ ದಿಬ್ಬಣವೂ ಶಾರದಾಂಬೆಯ ದರ್ಶನಕ್ಕೆ ಹೊರಟ ಯಾತ್ರಿಕರೂ ಒಂದೇ ತಿರುವು ದಾರಿಯಲ್ಲಿ, ಒಂದೇ ಮಳೆಯಲ್ಲಿ, ಗಂಟೆಗಟ್ಟಲೆ ಗಾಡಿಯೊಳಗೆ ಕುಳಿತು ಸಾಗಬೇಕಾದ ಈ ಸೀಮೆಯಲ್ಲಿ, ಪ್ರಯಾಣದ ಬೇಸರವನ್ನು ಕಳೆಯಲು ನಾದವೊಂದು ಜೊತೆಗಿರಲಿ ಎಂಬ ಆಸೆ ಹುಟ್ಟಿದುದು ಸಹಜವೇ ಆಗಿದೆ. ಆ ಆಸೆ ಕೈಗೂಡಿದ ಬಗೆಯನ್ನು ನೋಡಿದರೆ, ಅದನ್ನು ಹೊಂದಿಕೆಯೆಂಬ ವಿದ್ಯೆಯನ್ನು ಜನ ಮೆಲ್ಲಮೆಲ್ಲನೆ ಕಲಿತ ಚರಿತ್ರೆಯೆಂದೇ ಹೇಳಬೇಕು.

ಮೋಟಾರಿನಲ್ಲಿ ರೇಡಿಯೊ ಹಾಡುವಂತೆ ಮಾಡುವುದು ಮೊದಲಿಗೆ ಅಷ್ಟೇನೂ ಸುಲಭವಾಗಿರಲಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ ಗಾಲ್ವಿನ್ ಸಹೋದರರು 1930ರಲ್ಲಿ ಮೋಟೊರೋಲ ಎಂಬ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದರು. ಎರಡು ವರ್ಷಗಳ ತರುವಾಯ ಜರ್ಮನಿಯಲ್ಲಿ ಬ್ಲೌಪುಂಕ್ಟ್ ಕಂಪೆನಿ ತನ್ನ ಯಂತ್ರವನ್ನು ಹೊರತಂದಿತು. ಅವೆಲ್ಲ ವಾಲ್ವ್ ರೇಡಿಯೊಗಳು. ವಾಲ್ವು ಕೆಲಸಮಾಡಬೇಕಾದರೆ ನೂರಾರು ವೋಲ್ಟ್ ಬೇಕು; ಕಾರಿನ ಬ್ಯಾಟರಿಯಲ್ಲಿದ್ದುದು ಆರು, ಹೆಚ್ಚೆಂದರೆ ಹನ್ನೆರಡು. ಈ ಅಂತರವನ್ನು ತುಂಬಲು ವೈಬ್ರೇಟರ್ ಎಂಬ ಗುಂಯ್ಗುಡುವ ಡಬ್ಬಿಯೊಂದನ್ನು ನಡುವೆ ಕೂರಿಸಿ, ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕೂಡಿಸಿ, ಟ್ರಾನ್ಸ್‌ಫಾರ್ಮರಿನ ಮೂಲಕ ಏರಿಸಿಕೊಳ್ಳುತ್ತಿದ್ದರು. ಇಂಜಿನ್ ನಿಲ್ಲಿಸಿ ಹಾಡು ಕೇಳುತ್ತ ಕುಳಿತವನು ಬಳಿಕ ಬ್ಯಾಟರಿ ಬರಿದಾಗಿ ಗಾಡಿಯನ್ನು ತಳ್ಳಿಸಿಕೊಂಡು ಹೊರಡಬೇಕಾಗುತ್ತಿತ್ತು. ಹೊಂದಿಕೆಯ ಮೊದಲ ಪಾಠವನ್ನು ಹೀಗೆ ಬ್ಯಾಟರಿಯೇ ಕಲಿಸಿತು. ಟ್ರಾನ್ಸಿಸ್ಟರು ಬಂದ ಮೇಲಷ್ಟೇ ಆ ಭಾರ ಇಳಿಯಿತು.

ನಮ್ಮ ನಾಡಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆರಂಭಿಸಿದ ಆಕಾಶವಾಣಿಯ ದನಿ ಪಶ್ಚಿಮ ಘಟ್ಟದ ಈ ಮಡಿಲಿಗೆ ಸ್ಪಷ್ಟವಾಗಿ ತಲಪುವುದು ದುಸ್ತರವಾಗಿತ್ತು. ಇರುಳಾದರೆ ಸಿಲೋನಿನ ಅಲೆಗಳೇ ತೇಲಿ ಬರುತ್ತಿದ್ದುವು. 1965ರಲ್ಲಿ ನೆರೆಯ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಸ್ಥಾಪಿತವಾದಂದಿನಿಂದ ಈ ಮೂರು ತಾಲ್ಲೂಕುಗಳಿಗೆ ತಮ್ಮದೆನ್ನಬಹುದಾದ ಒಂದು ನಿಲಯ ದೊರಕಿತು. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಸಾಗುವುದರಿಂದ ಗುಡ್ಡದ ಮರೆಯಲ್ಲೂ ಅಷ್ಟಿಷ್ಟು ಸಿಕ್ಕುತ್ತದೆ. ಮುಂದೆ ಬಂದ ಎಫ್‌ಎಂ ಅಲೆಯಾದರೋ ನೇರವಾಗಿ ಹಾಯುವುದರಿಂದ ಒಂದು ತಿರುವಿನಲ್ಲಿ ಕೇಳಿ ಮುಂದಿನ ತಿರುವಿನಲ್ಲಿ ಮಾಯವಾಗುತ್ತದೆ. ಆ ಮಧ್ಯಮ ತರಂಗದ ದಿನಗಳಲ್ಲಿ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಇವೆಲ್ಲಕ್ಕಿಂತ ಕಾಡಿದುದು ಇಂಜಿನ್ನಿನ ಕಿಡಿ. ಪೆಟ್ರೋಲ್ ಗಾಡಿಯ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೊದಲ್ಲಿ ಚಟಚಟ ಸದ್ದು ಕೇಳುತ್ತಿತ್ತು. ಪ್ಲಗ್ಗಿನ ವಯರಿಗೆ ರೆಸಿಸ್ಟರನ್ನೂ ಡೈನಮೊಗೆ ಕಂಡೆನ್ಸರನ್ನೂ ಕಟ್ಟಿ ಅದನ್ನು ತಡೆಯಬೇಕಾಗಿತ್ತು. ಕಿಡಿಯ ಪ್ಲಗ್ಗೇ ಇಲ್ಲದ ಡೀಸೆಲ್ ಜೀಪಿಗೆ ಈ ಪೀಡೆಯಿಲ್ಲ. ಆದರೆ ಅದರ ಇಂಜಿನ್ನಿನ ಗದ್ದಲವೇ ಗಾಯನವನ್ನು ನುಂಗುವಷ್ಟಿತ್ತು.

ಫಿಲಿಪ್ಸ್ ಕಂಪೆನಿ 1963ರಲ್ಲಿ ರೂಪಿಸಿದ ಕ್ಯಾಸೆಟ್ಟು ನಮ್ಮ ಹಾದಿಗಳಿಗೆ ಬಂದಾಗ, ಗುಡ್ಡದ ಹಂಗಿಲ್ಲದೆ ಹಾಡು ಕೇಳುವ ಭಾಗ್ಯ ಮೊದಲ ಸಲ ಪ್ರಾಪ್ತವಾಯಿತು. ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದ ಮೇಲೆ ಭಾವಗೀತೆಯೂ, ಅದರ ಹಿಂದುಮುಂದು ಚಿತ್ರಗೀತೆ, ದೇವರನಾಮ, ಯಕ್ಷಗಾನದ ಪ್ರಸಂಗಗಳೂ ಗಾಡಿಯೇರಿದುವು. ಖಾಸಗಿ ಬಸ್ಸಿನಲ್ಲಿ ಬೆಳಗಿನ ಮೊದಲ ಟ್ರಿಪ್ಪು ಸುಪ್ರಭಾತದಿಂದ ಹೊರಟು, ಸಂಜೆಯ ಟ್ರಿಪ್ಪು ಚಿತ್ರಗೀತೆಯಿಂದ ಮುಗಿಯುವುದೊಂದು ಪದ್ಧತಿಯೇ ಆಯಿತು. ಆದರೆ ಮಲೆನಾಡಿನ ಮಳೆ ಇದನ್ನೂ ಬಿಡಲಿಲ್ಲ: ಆಷಾಢದಲ್ಲಿ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತಿತ್ತು, ಸ್ಪೀಕರಿನ ಕಾಗದದ ಕೋನು ತೇವಕ್ಕೆ ಮೆದುವಾಗಿ ದನಿ ಮಂಕಾಗುತ್ತಿತ್ತು.

ಸಾಮಗ್ರಿಗಳನ್ನು ಆರಿಸಿ ಜೋಡಿಸುವ ಕಲೆ ನಿಜವಾಗಿ ಬೆಳೆದದ್ದು ಈ ಕಾಲದಲ್ಲಿ. ಅದನ್ನು ಬೆಳೆಸಿದವರು ಮನೆಯ ರೇಡಿಯೊ ರಿಪೇರಿಯಿಂದ ಕೈ ಪಳಗಿಸಿಕೊಂಡ ಪೇಟೆಯ ಮೆಕ್ಯಾನಿಕ್ಕುಗಳು. ಮನೆಯ ಸ್ಪೀಕರಿನ ತಡೆ ಸಾಮಾನ್ಯವಾಗಿ 8 ಓಮ್, ಕಾರಿನದು 4 ಓಮ್. ಹಾಳಾದ ಮನೆಯ ಸೆಟ್ಟಿನಿಂದ ಬಿಚ್ಚಿದ ಸ್ಪೀಕರನ್ನು ಕಾರಿಗೆ ಹಾಕಿದರೆ ಅದೇ ಕ್ಯಾಸೆಟ್ ಡೆಕ್ಕಿನಿಂದ ಅರ್ಧ ಶಕ್ತಿಯಷ್ಟೇ ಹೊರಡುತ್ತದೆ. ಸದ್ದು ಹೆಚ್ಚಲೆಂಬ ಆತುರದಿಂದ 4 ಓಮಿನ ಎರಡನ್ನು ಸಮಾಂತರವಾಗಿ ಒಂದೇ ವಯರಿಗೆ ಕಟ್ಟಿದರೆ ತಡೆ 2 ಓಮಿಗೆ ಇಳಿದು, ವಿದ್ಯುತ್ ಇಮ್ಮಡಿಯಾಗಿ ಹರಿದು, ಡೆಕ್ಕಿನ ಔಟ್‌ಪುಟ್ ಐಸಿ ಸುಟ್ಟುಹೋಗುತ್ತದೆ. ಪೆಟ್ಟಿಗೆಯ ಮೇಲೆ ಸಾವಿರ ವಾಟ್ ಎಂದು ಅಚ್ಚು ಹಾಕಿದ್ದರೂ ಲೆಕ್ಕ ಬೇರೆಯೇ ಇದೆ: 12 ವೋಲ್ಟಿನಿಂದ 4 ಓಮಿಗೆ ಸಾಧಾರಣ ಜೋಡಣೆಯಲ್ಲಿ ದೊರಕಬಲ್ಲುದು ನಾಲ್ಕೂವರೆ ವಾಟ್, ಎರಡು ಆಂಪ್ಲಿಫಯರುಗಳನ್ನು ಎದುರುಬದುರಾಗಿ ದುಡಿಸುವ ಬ್ರಿಡ್ಜ್ ಜೋಡಣೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ 18. ಅದಕ್ಕೂ ಮೀರಿದುದು ಬೇಕಾದರೆ ವೋಲ್ಟೇಜನ್ನು ಒಳಗೇ ಏರಿಸಿಕೊಳ್ಳುವ ಪ್ರತ್ಯೇಕ ಆಂಪ್ಲಿಫಯರು ಬೇಕು. ಅದನ್ನು ತಾಳುವ ದಪ್ಪ ವಯರು, ಬ್ಯಾಟರಿಯ ಬುಡದಲ್ಲೇ ಫ್ಯೂಸು, ತಕ್ಕ ಆಲ್ಟರ್ನೇಟರು ಬೇಕು. ವಾಟಿನ ಬೆನ್ನು ಹತ್ತುವುದಕ್ಕಿಂತ, ಒಂದು ವಾಟಿಗೆ 87 ಡೆಸಿಬೆಲ್ ನೀಡುವ ಸ್ಪೀಕರಿಗೆ ಬದಲು 90 ನೀಡುವುದನ್ನು ಆರಿಸಿದವನು ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದನ್ನು ಪಡೆಯುತ್ತಿದ್ದನು. ಯಕ್ಷಗಾನದಲ್ಲಿ ಭಾಗವತರ ಶ್ರುತಿಗೆ ಮದ್ದಳೆ ಕೂಡದಿದ್ದರೆ ಆಟವಿಡೀ ಕೆಡುವುದನ್ನು ಕಂಡು ಬೆಳೆದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಮೆಕ್ಯಾನಿಕ್ಕುಗಳ ಒಂದು ಸಣ್ಣ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸ್ಪೀಕರಿನ ಬೆನ್ನಿನ ಗುರುತು ಅಳಿಸಿಹೋಗಿ ಯಾವುದು ಪ್ಲಸ್ಸು, ಯಾವುದು ಮೈನಸ್ಸು ಎಂದು ತಿಳಿಯದಾದಾಗ, ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲನ್ನು ತೆಗೆದು ಎರಡು ವಯರುಗಳಿಂದ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸುವರು. ಟಕ್ಕೆಂದು ಕೋನು ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ಸು ಮುಟ್ಟಿದ ತುದಿಯೇ ಸ್ಪೀಕರಿನ ಪ್ಲಸ್ಸು. ಎಡಬಲದ ಎರಡು ಸ್ಪೀಕರುಗಳಲ್ಲಿ ಒಂದು ತಿರುಗುಮುರುಗಾಗಿದ್ದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಸೆಳೆಯುತ್ತದೆ. ಎರಡೂ ಹೊಸವಾಗಿದ್ದರೂ ಮಂದ್ರಸ್ವರಗಳು ಪರಸ್ಪರ ನುಂಗಿಕೊಂಡು ಹಾಡು ಬಡಕಲಾಗುತ್ತದೆ.

ಗಾಡಿಯ ಜಾತಿಯೂ ಆಯ್ಕೆಯನ್ನು ನಿರ್ಧರಿಸುತ್ತಿತ್ತು. ಅಂಬಾಸಿಡರಿನ ಹಿಂದಿನ ಸೀಟಿನ ಮೇಲುಹಲಗೆಗೆ ಕೂರಿಸಿದ ಸ್ಪೀಕರಿಗೆ ಕೆಳಗಿನ ಡಿಕ್ಕಿಯೇ ಪೆಟ್ಟಿಗೆಯಾಗಿ, ಬೆನ್ನಿನ ಅಲೆ ಮುಂದಿನದರೊಡನೆ ಬೆರೆತು ಕೆಡದಂತೆ ತಡೆಯುತ್ತಿತ್ತು. ಟಾರ್ಪಾಲಿನ ಜೀಪಿನಲ್ಲಿ ಆ ಆಸರೆಯಿಲ್ಲದ್ದರಿಂದ ಮರದ ಪೆಟ್ಟಿಗೆಯಲ್ಲಿ ಅಡಕಮಾಡಿಯೇ ಹಾಕಬೇಕಾಗಿತ್ತು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿದ 24 ವೋಲ್ಟಿನ ಬಸ್ಸುಗಳದು ಇನ್ನೊಂದು ಕಥೆ. ಡೆಕ್ಕಿಗೆ 12 ಸಾಕೆಂದು ಒಂದೇ ಬ್ಯಾಟರಿಯಿಂದ ವಯರು ಎಳೆದರೆ ಅದು ದಿನೇ ದಿನೇ ಸೊರಗಿ, ಜೊತೆಯದು ಮಿತಿಮೀರಿ ಚಾರ್ಜಾಗಿ, ಕೊನೆಗೆ ಎರಡೂ ಕೆಡುತ್ತಿದ್ದುವು. ನಡುವೆ ವೋಲ್ಟೇಜ್ ಇಳಿಸುವ ಡಬ್ಬಿಯೊಂದೇ ಇದಕ್ಕೆ ಪರಿಹಾರವಾಗಿತ್ತು.

ಇಲ್ಲಿ ಬಸ್ಸು ನಡೆಸುತ್ತಿದ್ದ ಶಂಕರ್ ಕಂಪೆನಿಯ ಕಾರ್ಮಿಕರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, ದುಡಿಯುವವರೇ ಒಡೆಯರಾದ ಅಪೂರ್ವ ಸಂಸ್ಥೆಯೆಂದು ಖ್ಯಾತವಾಗಿ, ಮೂರು ದಶಕಗಳಿಗೆ ಸಮೀಪ ಈ ದಾರಿಗಳಲ್ಲಿ ಓಡಿ 2020ರಲ್ಲಿ ನಿಂತಿತು. ಅಷ್ಟರಲ್ಲಿ ಕ್ಯಾಸೆಟ್ಟೂ ಹೋಗಿ, ಸೀಡಿಯೂ ಬಂದು ಹೋಗಿ, ಪೆನ್‌ಡ್ರೈವೂ ಬ್ಲೂಟೂತೂ ಅವುಗಳ ಸ್ಥಾನದಲ್ಲಿ ಕುಳಿತಿದ್ದುವು. ಹಾಡಿನ ಮೂಲ ಎಷ್ಟು ಸಲ ಬದಲಾದರೂ 12 ವೋಲ್ಟು, 4 ಓಮು, ಪ್ಲಸ್ಸು ಮೈನಸ್ಸು ಇವು ಬದಲಾಗಲಿಲ್ಲ, ಮಳೆಯೂ ಬದಲಾಗಲಿಲ್ಲ. ಆದಕಾರಣ, ತಮ್ಮ ಕಾರಿನ ದನಿ ಕೆಟ್ಟಿತೆಂದು ಹೊಸ ಸ್ಪೀಕರು ಕೊಳ್ಳಲು ಹೊರಟ ಮಲೆನಾಡಿಗರು ಮೊದಲು ಬ್ಯಾಟರಿಯ ತುದಿಗಳನ್ನು ಉಜ್ಜಿ, ತುಕ್ಕು ಹಿಡಿದ ಅರ್ತ್ ವಯರಿನ ತಿರುಪನ್ನು ಬಿಗಿಮಾಡಿ, ಅದೇ ಹಾಡನ್ನು ಇನ್ನೊಮ್ಮೆ ಕೇಳಿ ನೋಡುವುದು ಒಳ್ಳೆಯದು. ಎಷ್ಟೋ ಸಲ ಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ.