ಗುರುಗಳು ಹೋದರು, ನುಡಿ ಉಳಿಯಿತು

ಆಗಸ್ಟ್ 15 ಎಂದರೆ ನಮಗೆ ಎರಡು ಹಬ್ಬ. ಬೆಳಿಗ್ಗೆ ಸ್ವರ್ಗಸ್ವೀಕೃತ ಮಾತೆಯ ಬಲಿಪೂಜೆ, ಆಮೇಲೆ ಬಾವುಟ ಏರಿಸಿ ಮಕ್ಕಳಿಗೆ ಮಿಠಾಯಿ. ಭೂಮಿಯ ಆಚೆ ಮಗ್ಗುಲಲ್ಲೂ ಇದೇ ದಿನ ಹುಟ್ಟಿದ ಒಂದು ನಗರವಿದೆ. 1537ರ ಆಗಸ್ಟ್ 15ರಂದು ಸ್ಪೇನಿನವರು ನದಿಯ ದಡದಲ್ಲಿ ಕೋಟೆಯೊಂದನ್ನು ಕಟ್ಟಿ, ಆ ದಿನದ ಹಬ್ಬದ ಹೆಸರನ್ನೇ ಅದಕ್ಕಿಟ್ಟರು. ಅದೇ ಅಸುನ್ಸಿಯೋನ್, ಪರಾಗ್ವೆ ದೇಶದ ರಾಜಧಾನಿ.

ದಕ್ಷಿಣ ಅಮೆರಿಕದ ಬ್ರೆಜಿಲ್, ಅರ್ಜೆಂಟೀನಾಗಳ ಹೆಸರು ಫುಟ್‌ಬಾಲ್ ನೋಡುವ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಅವೆರಡರ ನಡುವೆ, ಸಮುದ್ರದ ಮುಖವನ್ನೇ ಕಾಣದೆ ಕುಳಿತಿರುವ ಪರಾಗ್ವೆಯನ್ನು ಕೇಳಿದವರು ಕಡಿಮೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಎರಡರಷ್ಟು. ಜನಸಂಖ್ಯೆ 2022ರ ಗಣತಿಯಂತೆ ಸುಮಾರು 61 ಲಕ್ಷ. ನಮ್ಮ ರಾಜ್ಯದಲ್ಲಿ 2011ರಲ್ಲೇ 6 ಕೋಟಿ 11 ಲಕ್ಷ ಜನರಿದ್ದರು. ಬನ್ನಿ, ಚರಿತ್ರೆಯ ದಾರಿ ಹಿಡಿದು ಈ ನಾಡಿನಲ್ಲಿ ಸ್ವಲ್ಪ ದೂರ ನಡೆಯೋಣ.

ಅಸುನ್ಸಿಯೋನ್‌ನಲ್ಲಿ 1576ರಲ್ಲಿ ರೋಕ್ ಗೊನ್ಸಾಲೆಸ್ ಎಂಬ ಮಗು ಹುಟ್ಟಿತು. ಮನೆತನ ಸ್ಪೇನಿನದು. ಆದರೆ ಊರಿನ ಮಕ್ಕಳ ಜೊತೆ ಆಡುತ್ತ ಅಲ್ಲಿನ ಮೂಲನಿವಾಸಿಗಳ ಗ್ವಾರನಿ ನುಡಿಯನ್ನೂ ಆತ ಕಲಿತ. ಮುಂದೆ ಗುರುವಾಗಿ, 1609ರಲ್ಲಿ ಯೇಸುಸಭೆ ಸೇರಿದ ರೋಕ್ ಸ್ವಾಮಿಗಳು ಕಾಡುಗಳನ್ನು ಹೊಕ್ಕು ಗ್ವಾರನಿ ಜನರಿಗಾಗಿ ಊರುಗಳನ್ನು ಕಟ್ಟಿಸಿದರು. ದಕ್ಷಿಣದ ಎನ್‌ಕಾರ್ನಸಿಯೋನ್ ನಗರ 1615ರಲ್ಲಿ ಹುಟ್ಟಿದ್ದು ಅವರಿಂದಲೇ. 1628ರ ನವೆಂಬರ್ 15ರಂದು ಅವರು ರಕ್ತಸಾಕ್ಷಿಯಾದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್‌ರವರು ಅಸುನ್ಸಿಯೋನ್‌ಗೇ ಬಂದು ಅವರನ್ನು ಸಂತರೆಂದು ಸಾರಿದರು.

ಎನ್‌ಕಾರ್ನಸಿಯೋನ್‌ನಿಂದ ಸುಮಾರು 30 ಕಿಲೋಮೀಟರ್ ಹೋದರೆ ಟ್ರಿನಿಡಾಡ್. ತ್ರಿಯೇಕ ದೇವರ ಹೆಸರು ಹೊತ್ತ ಈ ಊರು 1706ರಲ್ಲಿ ಸ್ಥಾಪನೆಯಾಯಿತು. ಈಗ ಉಳಿದಿರುವುದು ಕೆಂಪು ಕಲ್ಲಿನ ಗೋಡೆಗಳು ಮಾತ್ರ. ಗೋಡೆಯ ಮೇಲ್ಭಾಗದಲ್ಲಿ ವೀಣೆಯಂಥ ಹಾರ್ಪ್ ಮತ್ತು ಪಿಟೀಲು ನುಡಿಸುವ ದೇವದೂತರನ್ನು ಕೆತ್ತಿದ್ದಾರೆ. ಕೆತ್ತಿದ ಕೈಗಳು ಗ್ವಾರನಿ ಶಿಲ್ಪಿಗಳವು. 1993ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ 30 ಊರುಗಳಿದ್ದವು. ಇಂದಿನ ಗಡಿಗಳಂತೆ 8 ಪರಾಗ್ವೆಯಲ್ಲಿ, 15 ಅರ್ಜೆಂಟೀನಾದಲ್ಲಿ, 7 ಬ್ರೆಜಿಲ್‌ನಲ್ಲಿವೆ. 1732ರಲ್ಲಿ ಅಲ್ಲಿದ್ದವರು ಸುಮಾರು 1 ಲಕ್ಷ 41 ಸಾವಿರ ಜನ. ನಡುವೆ ಚೌಕ, ಒಂದು ಬದಿಗೆ ದೇವಾಲಯ, ಶಾಲೆ, ಕಮ್ಮಾರರ ಮತ್ತು ನೇಕಾರರ ಸಾಲೆಗಳು, ಉಳಿದ ಬದಿಗಳಲ್ಲಿ ಮನೆಗಳ ಸಾಲು. ಕುಟುಂಬಕ್ಕೊಂದು ಹೊಲ, ಊರಿಗೆಲ್ಲ ಸೇರಿದ್ದು ಇನ್ನೊಂದು. ಆ ಎರಡನೆಯದರ ಹೆಸರು ತುಪಾಂಬಾಯೆ, ಅಂದರೆ ದೇವರ ಪಾಲು. ಅದರ ಬೆಳೆ ವಿಧವೆಯರಿಗೆ, ಅನಾಥರಿಗೆ, ಕಾಯಿಲೆಯವರಿಗೆ. ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಮೊರ ಬೇರೆಯವರಿಗೆಂದು ತೆಗೆದಿಡುವ ಪದ್ಧತಿ ನೆನಪಾಗುತ್ತದೆ.

ಸಾವೊ ಪಾಲೊ ಕಡೆಯ ದಂಡು ಈ ಜನರನ್ನು ಗುಲಾಮರಾಗಿ ಹಿಡಿದೊಯ್ಯಲು ಮೇಲಿಂದ ಮೇಲೆ ದಾಳಿ ಮಾಡುತ್ತಿತ್ತು. 1631ರಲ್ಲಿ ಫಾದರ್ ಆಂಟೋನಿಯೊ ರೂಯಿಸ್ ದೆ ಮೊಂತೋಯ ಸುಮಾರು 12,000 ಜನರನ್ನು ತೆಪ್ಪಗಳಲ್ಲಿ ನದಿಯ ಮೂಲಕ ಕರೆದೊಯ್ದರು. ದಾರಿಯಲ್ಲಿ ಅನೇಕರು ಹಸಿವಿಗೂ ಜ್ವರಕ್ಕೂ ಬಲಿಯಾದರು. ಅದೇ ಮೊಂತೋಯ 1639ರಲ್ಲಿ ಮ್ಯಾಡ್ರಿಡ್‌ನಲ್ಲಿ ಗ್ವಾರನಿ ನಿಘಂಟನ್ನು ಅಚ್ಚು ಹಾಕಿಸಿದರು. ಸುಮಾರು 1700ರ ಹೊತ್ತಿಗೆ ಆ ಕಾಡಿನ ಊರುಗಳಲ್ಲೇ ಮುದ್ರಣಯಂತ್ರ ತಯಾರಾಗಿ, ಗ್ವಾರನಿಯಲ್ಲಿ ಪುಸ್ತಕಗಳು ಹೊರಬಂದವು.

1767ರಲ್ಲಿ ಸ್ಪೇನಿನ ದೊರೆ ಮೂರನೇ ಚಾರ್ಲ್ಸ್ ತನ್ನ ರಾಜ್ಯಗಳಿಂದ ಯೇಸುಸಭೆಯವರೆಲ್ಲ ಹೊರಡಬೇಕೆಂದು ಆಜ್ಞೆ ಹೊರಡಿಸಿದ. ಮರುವರ್ಷ ಗುರುಗಳು ಆ ಊರುಗಳನ್ನು ಬಿಟ್ಟುಹೋದರು. ಬಂದ ಅಧಿಕಾರಿಗಳಿಗೆ ಲಾಭದ ಕಡೆಗೇ ಕಣ್ಣು. ಕೆಲವು ದಶಕಗಳಲ್ಲಿ ಜನ ಚದುರಿದರು, ಛಾವಣಿಗಳು ಕುಸಿದವು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ನುಂಗಬೇಕು. ನೂರೈವತ್ತು ವರ್ಷ ದುಡಿದ ಆ ಗುರುಗಳು ಗ್ವಾರನಿ ಜನರೊಳಗಿಂದ ಗುರುಗಳನ್ನು ಬೆಳೆಸಲಿಲ್ಲ. ಪ್ರೀತಿ ಇತ್ತು, ರಕ್ಷಣೆ ಇತ್ತು, ಆದರೆ ಬೀಗದ ಕೈ ಗುರುಮನೆಯಲ್ಲೇ ಇತ್ತು. ಅದನ್ನು ಹಿಡಿದವರು ಹೋದ ದಿನ ಬಾಗಿಲು ತೆರೆಯುವವರೇ ಇಲ್ಲವಾದರು.

ಉಳಿದದ್ದು ಜನರ ಬಾಯಲ್ಲಿದ್ದ ನುಡಿ. 1864ರಿಂದ 1870ರವರೆಗೆ ನೆರೆಯ ಮೂರು ದೇಶಗಳೊಡನೆ ನಡೆದ ಯುದ್ಧದಲ್ಲಿ ಪರಾಗ್ವೆಯ ಗಂಡಸರಲ್ಲಿ ಹೆಚ್ಚಿನವರು ಸತ್ತರು. ಹೆಂಗಸರೇ ಹೊಲ ಉತ್ತರು, ಮಕ್ಕಳನ್ನು ಸಾಕಿದರು, ಗ್ವಾರನಿಯಲ್ಲೇ ಜೋಗುಳ ಹಾಡಿದರು. 1992ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ ಗ್ವಾರನಿಯನ್ನೂ ಅಧಿಕೃತ ಭಾಷೆಯನ್ನಾಗಿಸಿತು. ಇಂದು ಮೂಲನಿವಾಸಿಗಳಲ್ಲದವರೂ ಅದನ್ನು ಮನೆಮಾತಾಗಿ ಆಡುತ್ತಾರೆ. ಡಿಸೆಂಬರ್ 8ರಂದು ಅಮಲೋದ್ಭವಿ ಮಾತೆಯ ಹಬ್ಬಕ್ಕೆ ಲಕ್ಷಾಂತರ ಜನ ಕಾಕುಪೆ ಪುಣ್ಯಕ್ಷೇತ್ರಕ್ಕೆ ಬರುತ್ತಾರೆ, ಬಹಳ ಮಂದಿ ಕಾಲ್ನಡಿಗೆಯಲ್ಲೇ. ಮಾತೆಯನ್ನು ಕರೆಯುವುದು ತುಪಾಸಿ ಎಂದು, ಅಂದರೆ ದೇವರ ತಾಯಿ. ಪೋಪ್ ಫ್ರಾನ್ಸಿಸ್‌ರವರು 2015ರ ಜುಲೈಯಲ್ಲಿ ಅಲ್ಲಿ ಬಲಿಪೂಜೆ ಅರ್ಪಿಸಿದರು.

ಈ ಕಥೆ ನಗರಗೆರೆಗೆ ದೂರದ್ದಲ್ಲ. 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ನಮ್ಮ ಚಿಕ್ಕಬಳ್ಳಾಪುರದಲ್ಲೂ ಇದ್ದರು. ಅಲ್ಲಿಂದ ಫಾದರ್ ಲೆ ಗಾಕ್ ಬರೆದ ಪತ್ರವೂ ಪರಾಗ್ವೆಯ ಪತ್ರಗಳೂ ಪ್ಯಾರಿಸ್‌ನಲ್ಲಿ ಒಂದೇ ಮಾಲೆಯ ಸಂಪುಟಗಳಲ್ಲಿ ಅಚ್ಚಾದವು. 1773ರಲ್ಲಿ ಯೇಸುಸಭೆಯೇ ರದ್ದಾದಾಗ ಇಲ್ಲಿಯೂ ಗುರುಗಳು ವಿರಳವಾದರು. ವಿಶ್ವಾಸ ಉಳಿದದ್ದು ಉಪದೇಶಿಗಳಿಂದ, ಮನೆಯ ಹಿರಿಯರಿಂದ.

ಪ್ರಿಯರೇ, ಆಂಧ್ರದ ಗಡಿಯಲ್ಲಿರುವ ನಮ್ಮ ಊರಿನಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಮಕ್ಕಳ ಆಸೆ ಇಂಗ್ಲಿಷ್. ಮೂರೂ ಇರಲಿ. ಆದರೆ ಅಜ್ಜಿಗೆ ಬಾಯಿಪಾಠವಿರುವ ಜಪ ಮೊಮ್ಮಕ್ಕಳ ಕಿವಿಗೆ ಬೀಳದೆ ಹೋದರೆ, ಯಾವ ಕಲ್ಲಿನ ಗೋಪುರವೂ ಅದನ್ನು ಹಿಂದಕ್ಕೆ ತಂದುಕೊಡಲಾರದು. ಗುರುಗಳಾದ ನಾವು ವರ್ಗವಾಗಿ ಬರುತ್ತೇವೆ, ವರ್ಗವಾಗಿ ಹೋಗುತ್ತೇವೆ. ಬೀಗದ ಕೈ ನಿಮ್ಮ ಮನೆಗಳಲ್ಲಿರಲಿ. ಹಬ್ಬದ ಈ ಸಂಜೆ ದೀಪ ಹಚ್ಚಿ, ಅಜ್ಜಿಯನ್ನು ನಡುವೆ ಕೂರಿಸಿ, ಅವರು ಹೇಳಿದಂತೆ ಮಕ್ಕಳೆಲ್ಲ ಜಪಸರ ಹೇಳಲಿ. ಸ್ವರ್ಗಸ್ವೀಕೃತ ಮಾತೆ ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ.