ಕಮ್ಮಾರನ ಕುಲುಮೆಯಿಂದ ಎತ್ತರಿಸಿದ ವ್ಯಾನಿನವರೆಗೆ: ಲೀಫ್ ಸ್ಪ್ರಿಂಗಿನ ಇತಿಹಾಸ

ಉದ್ದದಲ್ಲಿ ಒಂದಕ್ಕಿಂತ ಒಂದು ಕಿರಿದಾದ ಉಕ್ಕಿನ ಪಟ್ಟಿಗಳನ್ನು ಕಮಾನಾಗಿ ಬಾಗಿಸಿ, ಒಂದರ ಮೇಲೊಂದು ಜೋಡಿಸಿ, ನಡುವೆ ಬೋಲ್ಟಿನಿಂದ ಬಿಗಿದು, ವಾಹನದ ಅಚ್ಚಿಗೂ ಚಾಸಿಸ್ಸಿಗೂ ನಡುವೆ ಅಳವಡಿಸುವ ಭಾಗಕ್ಕೆ ಲೀಫ್ ಸ್ಪ್ರಿಂಗ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಅದರ ಒಂದೊಂದು ಪಟ್ಟಿಯನ್ನು ಪ್ಲೇಟು ಎನ್ನುತ್ತಾರೆ. ಕುದುರೆ ಸಾರೋಟಿನ ಕಾಲದಲ್ಲಿ ರೂಪುಗೊಂಡ ಈ ಸಾಧನವು ರೈಲು, ಮೋಟಾರು, ಲಾರಿಗಳ ಯುಗಗಳನ್ನು ದಾಟಿ ಇಂದಿಗೂ ಭಾರ ಹೊರುವ ವಾಹನಗಳ ಹಿಂಬದಿಯಲ್ಲಿ ಉಳಿದುಕೊಂಡಿದೆ. ಅಮೆರಿಕದಲ್ಲಿ ನೆಲದಿಂದ ಎತ್ತರಿಸಿ ಕಾಡುದಾರಿಗೆ ಒಗ್ಗಿಸಿದ ವ್ಯಾನುಗಳ ಹಿಂದಿನ ಸ್ಪ್ರಿಂಗುಗಳನ್ನು ಬದಲಿಸುವ ಕೆಲಸವು ಈ ದೀರ್ಘ ಇತಿಹಾಸದ ಒಂದು ಕೊನೆಯ ಅಧ್ಯಾಯವಾಗಿದ್ದು, ಸ್ಪ್ರಿಂಗಿನ ಬಗ್ಗೆ ಹಿಂದಿನ ಕುಶಲಕರ್ಮಿಗಳು ಕಲಿತದ್ದೆಲ್ಲವೂ ಅಲ್ಲಿ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ.

ಯುರೋಪಿನ ಹಳೆಯ ಕೋಚು ಗಾಡಿಗಳ ಒಡಲನ್ನು ದಪ್ಪ ಚರ್ಮದ ಪಟ್ಟಿಗಳಲ್ಲಿ ತೂಗುಹಾಕುತ್ತಿದ್ದರು; ಇದರಿಂದ ಗಾಡಿ ತೂಗಾಡುತ್ತಿತ್ತೇ ಹೊರತು ಗಾಲಿಗೆ ತಗುಲಿದ ಪೆಟ್ಟು ಪೂರ್ತಿ ತಗ್ಗುತ್ತಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಉಕ್ಕಿನ ಸ್ಪ್ರಿಂಗುಗಳನ್ನು ಗಾಡಿಗೆ ಅಳವಡಿಸುವ ಪ್ರಯೋಗಗಳನ್ನು ನಡೆಸಿದ್ದು, 1665ರ ಅಂತಹ ಪ್ರಯೋಗಗಳನ್ನು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ನಿರ್ಣಾಯಕ ತಿರುವು ಬಂದದ್ದು 1804ರಲ್ಲಿ. ಲಂಡನ್ನಿನ ಲ್ಯಾಂಬೆತ್ತಿನ ಗಾಡಿ ತಯಾರಕ ಒಬಡಾಯಾ ಎಲಿಯಟ್ ಎರಡು ಕಮಾನುಗಳನ್ನು ಎದುರುಬದುರಾಗಿ ಜೋಡಿಸಿದ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದನು. ಅದುವರೆಗೆ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಜೋಡಿಸಲು ಪರ್ಚ್ ಎಂಬ ಭಾರವಾದ ಉದ್ದನೆಯ ತೊಲೆ ಬೇಕಾಗುತ್ತಿತ್ತು. ಎಲಿಯಟ್ಟನ ವ್ಯವಸ್ಥೆಯಲ್ಲಿ ಸ್ಪ್ರಿಂಗುಗಳೇ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಟ್ಟದ್ದರಿಂದ ಆ ತೊಲೆ ಅನಗತ್ಯವಾಯಿತು, ಗಾಡಿ ಹಗುರವಾಗಿ ನೆಲಕ್ಕೆ ಹತ್ತಿರವಾಯಿತು. ಭಾರ ಹೊರುವ ಭಾಗವೇ ಅಚ್ಚಿಗೆ ಜಾಗ ತೋರಿಸುವ ಭಾಗವೂ ಆದದ್ದು ಮುಂದಿನ ಎರಡು ಶತಮಾನಗಳ ವಾಹನ ರಚನೆಯನ್ನು ರೂಪಿಸಿತು.

ಇಂತಹ ಸ್ಪ್ರಿಂಗಿಗೆ ಬೇಕಾದ ಉಕ್ಕು ಸುಲಭವಾಗಿ ದೊರೆಯುವಂಥದ್ದಾಗಿರಲಿಲ್ಲ. 1740ರ ದಶಕದಲ್ಲಿ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಏಕರೂಪಗೊಳಿಸುವ ವಿಧಾನವನ್ನು ರೂಪಿಸಿದ್ದು, ಗಡಿಯಾರಗಳ ಸೂಕ್ಷ್ಮ ಸ್ಪ್ರಿಂಗುಗಳಿಗೆ ನಂಬಬಹುದಾದ ಉಕ್ಕು ಬೇಕೆಂಬ ಕಾರಣದಿಂದಲೇ. ಗಾಡಿಯ ಸ್ಪ್ರಿಂಗು ಮಾಡುವ ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ ಕಮಾನಿಗೆ ಬಾಗಿಸಿ, ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ ಗಡುಸು ಮಾಡಿ, ಮತ್ತೆ ಕಡಿಮೆ ಕಾವಿನಲ್ಲಿ ಕಾಯಿಸಿ ಹದ ಕೊಡುತ್ತಿದ್ದನು. ಹದ ಹೆಚ್ಚಾದರೆ ಪಟ್ಟಿ ಮೆತ್ತಗಾಗಿ ಬಾಗಿದಲ್ಲೇ ಉಳಿಯುತ್ತಿತ್ತು, ಕಡಿಮೆಯಾದರೆ ಗಾಜಿನಂತೆ ಒಡೆಯುತ್ತಿತ್ತು. ಮೈಸೂರಿನ ಸಾರೋಟುಗಳಿಗೂ ಜಟಕಾ ಗಾಡಿಗಳಿಗೂ ಆಧಾರವಾದದ್ದು ಇದೇ ಬಗೆಯ ಸ್ಪ್ರಿಂಗು. ಸವೆದು ಕಮಾನು ಇಳಿದ ಪಟ್ಟಿಯನ್ನು ಎಸೆಯುವುದು ಆ ಕಾಲದ ಪದ್ಧತಿಯಾಗಿರಲಿಲ್ಲ. ಅದನ್ನು ಬಿಚ್ಚಿ ಕುಲುಮೆಗೆ ಹಾಕಿ, ಹೊಸದಾಗಿ ಬಾಗಿಸಿ, ಹದ ಕೊಟ್ಟು ಮರಳಿ ಜೋಡಿಸುವುದೇ ಕಸುಬಿನ ಕ್ರಮವಾಗಿತ್ತು.

ರೈಲು ಬಂದಾಗ ಭಾರವೂ ವೇಗವೂ ಹೆಚ್ಚಿ, ಲೋಹದ ಒಂದು ಹೊಸ ದೌರ್ಬಲ್ಯ ಬೆಳಕಿಗೆ ಬಂತು. 1842ರಲ್ಲಿ ಪ್ಯಾರಿಸ್ ಸಮೀಪದ ವರ್ಸೈ ಮಾರ್ಗದಲ್ಲಿ ಇಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತ ದುರಂತವು, ಗಟ್ಟಿಯಾಗಿ ಕಂಡ ಲೋಹವೂ ಮುನ್ಸೂಚನೆಯಿಲ್ಲದೆ ಮುರಿಯಬಹುದೆಂಬುದನ್ನು ತೋರಿಸಿತು. ಪ್ರಶ್ಯದ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದ ಕೊನೆಯಿಂದ 1870ರವರೆಗೆ ನಡೆಸಿದ ಪರೀಕ್ಷೆಗಳು ಇದರ ಕಾರಣವನ್ನು ವಿವರಿಸಿದವು: ಒಂದೇ ಬಾರಿಗೆ ಮುರಿಯಲಾಗದಷ್ಟು ಸಣ್ಣ ಒತ್ತಡವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಲೋಹದಲ್ಲಿ ಬಿರುಕು ಹುಟ್ಟಿಸುತ್ತದೆ. ಲೋಹದ ದಣಿವು ಎಂದು ಕರೆಯಲಾಗುವ ಈ ಗುಣವೇ ಲೀಫ್ ಸ್ಪ್ರಿಂಗಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಪ್ರತಿ ಗುಂಡಿಯಲ್ಲೂ ಬಾಗಿ ನೆಟ್ಟಗಾಗುವ ಪಟ್ಟಿಯ ಮೇಲ್ಮೈಯಲ್ಲಿ ಒಂದು ಗೀರೋ ತುಕ್ಕಿನ ಕುಳಿಯೋ ಇದ್ದರೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ. ಆದುದರಿಂದಲೇ ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳು ಪಟ್ಟಿಯ ಮೇಲ್ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸವಾಗಿ ಎರಚಿ ಅದನ್ನು ಒತ್ತಿ ಬಿಗಿಗೊಳಿಸುವ ವಿಧಾನವನ್ನು ಅಳವಡಿಸಿಕೊಂಡವು; ಜನರಲ್ ಮೋಟಾರ್ಸಿನ ಸಂಶೋಧಕ ಜಾನ್ ಆಲ್ಮನ್ ಈ ಪ್ರಕ್ರಿಯೆಯನ್ನು ಅಳೆಯುವ ಕ್ರಮವನ್ನು ಬೆಳೆಸಿದನು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದೊಂದು, ಹಿಂದೊಂದು ಅಡ್ಡ ಲೀಫ್ ಸ್ಪ್ರಿಂಗ್ ಇತ್ತು. ಅದೇ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಹೆಸರಿನಿಂದ ಪ್ರಸಿದ್ಧವಾದ ವ್ಯವಸ್ಥೆಯಲ್ಲಿ ಚಾಸಿಸ್ಸಿನ ಉದ್ದಕ್ಕೆ ಇಟ್ಟ ಹಿಂದಿನ ಎರಡು ಸ್ಪ್ರಿಂಗುಗಳೇ ವಾಹನವನ್ನು ಮುಂದೆ ತಳ್ಳುವ ಬಲವನ್ನೂ ಬ್ರೇಕಿನ ಎಳೆತವನ್ನೂ ಚಾಸಿಸ್ಸಿಗೆ ತಲುಪಿಸತೊಡಗಿದವು. ಹೀಗೆ ಒಂದೇ ಭಾಗವು ಭಾರ ಹೊರುವುದು, ಅಚ್ಚನ್ನು ಹಿಡಿಯುವುದು, ತಿರುಚುವ ಬಲವನ್ನು ತಡೆಯುವುದು, ಪಟ್ಟಿಗಳ ನಡುವಿನ ಘರ್ಷಣೆಯಿಂದ ಕುಲುಕಾಟವನ್ನು ತಗ್ಗಿಸುವುದು ಎಂಬ ನಾಲ್ಕು ಕೆಲಸಗಳನ್ನು ಮಾಡಿತು. ಜನರಲ್ ಮೋಟಾರ್ಸ್ 1934ರಲ್ಲಿ ಮುಂದಿನ ಗಾಲಿಗಳಿಗೂ, ಬ್ಯೂಯಿಕ್ 1938ರಲ್ಲಿ ಹಿಂದಿನ ಗಾಲಿಗಳಿಗೂ ಸುರುಳಿ ಸ್ಪ್ರಿಂಗು ತಂದ ಮೇಲೆ ಪ್ರಯಾಣಿಕರ ಕಾರುಗಳು ನಿಧಾನವಾಗಿ ಲೀಫ್ ಸ್ಪ್ರಿಂಗನ್ನು ಕೈಬಿಟ್ಟವು. ಸುರುಳಿ ಸ್ಪ್ರಿಂಗು ಭಾರವನ್ನಷ್ಟೇ ಹೊರುವುದರಿಂದ ಅಚ್ಚನ್ನು ಹಿಡಿಯಲು ಬೇರೆ ತೋಳುಗಳು ಬೇಕಾಗುತ್ತವೆ, ಆದರೆ ಪಯಣ ಮೃದುವಾಗುತ್ತದೆ. ಭಾರ ಹೊರುವುದೇ ಮುಖ್ಯವಾದ ಲಾರಿ, ಬಸ್ಸು, ವ್ಯಾನುಗಳು ಮಾತ್ರ ಹಳೆಯ ಕಮಾನನ್ನು ಉಳಿಸಿಕೊಂಡವು.

ಫೋರ್ಡ್ ಕಂಪನಿಯ ಇಕೊನೊಲೈನ್ ವ್ಯಾನು 1961ರ ಮಾದರಿಯಾಗಿ ಹೊರಬಂದಾಗಲೂ, 1975ರಲ್ಲಿ ಪ್ರತ್ಯೇಕ ಚಾಸಿಸ್ಸಿನ ಮೇಲೆ ಹೊಸದಾಗಿ ರೂಪುಗೊಂಡಾಗಲೂ ಅದರ ಹಿಂಬದಿಯ ಆಧಾರ ಲೀಫ್ ಸ್ಪ್ರಿಂಗೇ ಆಗಿತ್ತು. 1970ರ ದಶಕದ ಡಾಜ್ ಮತ್ತು ಷೆವ್ರೊಲೆ ವ್ಯಾನುಗಳ ರಚನೆಯೂ ಹಾಗೆಯೇ ಇತ್ತು. ಅದೇ ದಶಕದಲ್ಲಿ ಅಮೆರಿಕದ ಯುವಜನರು ವ್ಯಾನನ್ನು ಮನೆಯಾಗಿ, ಪ್ರವಾಸದ ಬಂಡಿಯಾಗಿ ಮಾರ್ಪಡಿಸುವ ಹವ್ಯಾಸ ಬೆಳೆಸಿಕೊಂಡಾಗ, ನಾಲ್ಕೂ ಗಾಲಿಗಳಿಗೆ ಚಾಲನೆಯುಳ್ಳ ವ್ಯಾನಿಗೆ ಬೇಡಿಕೆ ಹುಟ್ಟಿತು. ಫೋರ್ಡ್ ಕಂಪನಿಯು ಈ ಸಾಲಿನ ವ್ಯಾನುಗಳಲ್ಲಿ ಅದನ್ನು ಕಾರ್ಖಾನೆಯಿಂದ ಕೊಡಲಿಲ್ಲ. ಪಾತ್‌ಫೈಂಡರ್, ಕ್ವಾಡ್ರಾವ್ಯಾನ್, ಅನಂತರ ಪೆನ್ಸಿಲ್ವೇನಿಯಾದ ಕ್ವಿಗ್ಲಿ ಮುಂತಾದ ಸಂಸ್ಥೆಗಳು ಮುಂದೆ ಚಾಲಿತ ಅಚ್ಚನ್ನು ಕೂರಿಸಿ ವ್ಯಾನನ್ನು ಮೇಲೆತ್ತಿದವು. ಮುಂಭಾಗ ಎದ್ದಷ್ಟು ಹಿಂಭಾಗವೂ ಏಳಬೇಕಾಯಿತು.

ಹಿಂಭಾಗವನ್ನು ಎತ್ತಲು ಮೂರು ಮಾರ್ಗಗಳು ಬಳಕೆಗೆ ಬಂದವು. ಮೊದಲನೆಯದು ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಲೋಹದ ದಿಮ್ಮಿಯನ್ನು ಇಡುವುದು, ಎರಡನೆಯದು ಹಳೆಯ ಜೋಡಣೆಗೆ ಇನ್ನೊಂದು ಪ್ಲೇಟು ಸೇರಿಸುವುದು, ಮೂರನೆಯದು ಹೆಚ್ಚು ಕಮಾನುಳ್ಳ ಹೊಸ ಸ್ಪ್ರಿಂಗನ್ನೇ ಕೂರಿಸುವುದು. ದಿಮ್ಮಿ ಅಗ್ಗದ ದಾರಿಯಾದರೂ ಅಚ್ಚನ್ನು ಸ್ಪ್ರಿಂಗಿನಿಂದ ದೂರ ಸರಿಸುವುದರಿಂದ ತಿರುಚುವ ಬಲಕ್ಕೆ ಉದ್ದನೆಯ ಸನ್ನೆ ದೊರೆತು, ಜೋರಾಗಿ ಹೊರಟಾಗ ಪಟ್ಟಿಗಳು ಇಂಗ್ಲಿಷಿನ ಎಸ್ ಅಕ್ಷರದ ಆಕಾರಕ್ಕೆ ಸುತ್ತಿಕೊಳ್ಳುತ್ತವೆ. ಪ್ಲೇಟು ಸೇರಿಸುವಾಗ ದಪ್ಪದ ಲೆಕ್ಕ ತಪ್ಪಬಾರದು. ಪಟ್ಟಿಯ ಬಿಗಿತವು ಅದರ ದಪ್ಪದ ಘನಕ್ಕೆ ಅನುಗುಣವಾದುದರಿಂದ ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಇಂತಹ ವ್ಯಾನಿನಲ್ಲಿ ಹಾಸಿಗೆ, ನೀರಿನ ಟ್ಯಾಂಕು, ಅಡುಗೆಯ ಕಟ್ಟೆ ಎಲ್ಲವೂ ಸೇರಿ ಸ್ಪ್ರಿಂಗಿನ ಮೇಲೆ ಸದಾ ಭಾರವಿರುವುದರಿಂದ ಕಮಾನು ಬೇಗನೆ ಇಳಿದು, ಹಿಂಭಾಗ ಕುಗ್ಗಿ, ಅಚ್ಚು ರಬ್ಬರಿನ ತಡೆಗೆ ಬಡಿಯತೊಡಗುತ್ತದೆ.

ಬದಲಿಸುವ ಕೆಲಸದ ಕ್ರಮವು ಇಂದಿಗೂ ಈ ತಿಳಿವಳಿಕೆಯನ್ನೇ ಆಧರಿಸಿದೆ. ಚಾಸಿಸ್ಸನ್ನು ಗಟ್ಟಿ ಆಧಾರಗಳ ಮೇಲೆ ನಿಲ್ಲಿಸಿ, ಅಚ್ಚಿನ ಭಾರವನ್ನು ಪ್ರತ್ಯೇಕ ಜಾಕಿನ ಮೇಲೆ ಹಿಡಿದು, ಅಚ್ಚನ್ನು ಸ್ಪ್ರಿಂಗಿಗೆ ಬಿಗಿದ ಯು ಬೋಲ್ಟುಗಳನ್ನು ಬಿಚ್ಚಬೇಕು. ಎರಡೂ ಬದಿಯ ಸ್ಪ್ರಿಂಗುಗಳನ್ನು ಒಟ್ಟಿಗೆ ಬದಲಿಸದಿದ್ದರೆ ವಾಹನ ಒಂದು ಬದಿಗೆ ವಾಲುತ್ತದೆ. ನಡುವಿನ ಬೋಲ್ಟಿನ ತಲೆ ಅಚ್ಚಿನ ಆಸನದ ರಂಧ್ರದಲ್ಲಿ ಸರಿಯಾಗಿ ಕೂತರೆ ಮಾತ್ರ ಅಚ್ಚು ನೇರವಾಗಿ ನಿಲ್ಲುತ್ತದೆ. ಒಮ್ಮೆ ಬಿಗಿದು ಎಳೆದುಹೋದ ಯು ಬೋಲ್ಟುಗಳನ್ನು ಮತ್ತೆ ಬಳಸದೆ ಹೊಸದನ್ನೇ ಹಾಕುವುದು ರೂಢಿ. ಸ್ಪ್ರಿಂಗಿನ ತುದಿಯ ಕಣ್ಣುಗಳಲ್ಲಿರುವ ರಬ್ಬರ್ ಬುಶ್ಶುಗಳು ಗಾಲಿಗಳ ಮೇಲೆ ಭಾರ ಬಿದ್ದಾಗಲೇ ಬಿಗಿಗೊಳ್ಳಬೇಕು. ಗಾಲಿಗಳು ನೇತಾಡುವಾಗ ಬಿಗಿದರೆ ಬುಶ್ಶುಗಳು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತವೆ. ಸ್ವಲ್ಪ ದೂರ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೆ ಬಿಗಿಯುವುದೂ, ಎತ್ತರ ಬದಲಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನೂ ಬ್ರೇಕ್ ಕೊಳವೆಯ ಉದ್ದವನ್ನೂ ನೋಡಿಕೊಳ್ಳುವುದೂ ಈ ಕೆಲಸದ ಅವಿಭಾಜ್ಯ ಭಾಗಗಳು.

ಕಾಲಕ್ರಮದಲ್ಲಿ ಬದಲಾದದ್ದು ಸ್ಪ್ರಿಂಗಿನ ತತ್ತ್ವಕ್ಕಿಂತ ಹೆಚ್ಚಾಗಿ ಅದನ್ನು ನವೀಕರಿಸುವವರ ಕಸುಬು. ಕುಲುಮೆಯ ಮುಂದೆ ಕಮಾನನ್ನು ಮರಳಿ ಕೊಡುತ್ತಿದ್ದ ಕಮ್ಮಾರನ ಕೆಲಸದ ಬಹುಪಾಲನ್ನು ಕಾರ್ಖಾನೆಯಿಂದ ಸಿದ್ಧವಾಗಿ ಬರುವ ಜೋಡಣೆ ಆಕ್ರಮಿಸಿದೆ. ತಣ್ಣನೆಯ ಪಟ್ಟಿಯನ್ನು ಸುತ್ತಿಗೆಯಿಂದ ಬಾಗಿಸುವ ಅಗ್ಗದ ಉಪಾಯವು ಹೊಸ ಹದವನ್ನು ಕೊಡಲಾರದ್ದರಿಂದ ಕಮಾನು ಮತ್ತೆ ಇಳಿಯುತ್ತದೆ. ಷೆವ್ರೊಲೆ ಕಾರ್ವೆಟ್ ಕಾರಿನಲ್ಲಿ 1981ರಿಂದ ಬಳಕೆಗೆ ಬಂದ ಗಾಜುನಾರಿನ ಒಂದೇ ಪಟ್ಟಿಯ ಸ್ಪ್ರಿಂಗು ಉಕ್ಕಿನ ಹಲವು ಪಟ್ಟಿಗಳ ಜೋಡಣೆಗಿಂತ ಬಹಳ ಹಗುರವಾಗಿದ್ದರೂ, ಭಾರ ಹೊರುವ ವ್ಯಾನುಗಳಲ್ಲಿ ಉಕ್ಕಿನ ಪಟ್ಟಿಯೇ ಇಂದಿಗೂ ಸಾಮಾನ್ಯ ಬಳಕೆಯಲ್ಲಿದೆ. ಎಲಿಯಟ್ಟನ ಗಾಡಿಯಿಂದ ಎತ್ತರಿಸಿದ ವ್ಯಾನಿನವರೆಗಿನ ಈ ಇತಿಹಾಸವು ಒಂದು ತೀರ್ಮಾನವನ್ನು ದೃಢಪಡಿಸುತ್ತದೆ: ಲೀಫ್ ಸ್ಪ್ರಿಂಗನ್ನು ಆರಿಸಬೇಕಾದದ್ದು ಬೇಕೆನಿಸಿದ ಎತ್ತರವನ್ನು ನೋಡಿ ಅಲ್ಲ, ವಾಹನವು ನಿತ್ಯ ಹೊರುವ ಭಾರವನ್ನು ತೂಗಿ. ಆ ಭಾರಕ್ಕೆ ಹೊಂದುವ ಸ್ಪ್ರಿಂಗು ಎತ್ತರವನ್ನು ತಾನಾಗಿಯೇ ಉಳಿಸಿಕೊಳ್ಳುತ್ತದೆ. ಎತ್ತರಕ್ಕಾಗಿಯೇ ಆರಿಸಿದ ಸ್ಪ್ರಿಂಗು ಭಾರದ ಕೆಳಗೆ ಮತ್ತೆ ಕುಗ್ಗುತ್ತದೆ.