ಹೊರೆ ಹೊರುವ ಮೈಗೆ ಯಾವ ಅಮೈನೋ ಆಮ್ಲದ ಕೊರತೆ? ಭೀಮಾ ದಂಡೆಯ ಜೋಳದೂಟದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಹೊರೆ ಹೊತ್ತು ನಡೆಯುವ ಸೈನಿಕರ ಸ್ನಾಯು ಚೇತರಿಕೆ ಕುರಿತ ಸಂಶೋಧನೆ ಬಹುಪಾಲು ಮಾಂಸ, ಹಾಲು, ಗೋಧಿ ಹೇರಳವಾಗಿರುವ ದೇಶಗಳಲ್ಲಿ ನಡೆದಿದೆ. ಅಲ್ಲಿನ ಫಲಿತಾಂಶವನ್ನು ಜೋಳದ ರೊಟ್ಟಿ ಉಂಡು ಬೆಳೆದ ಮೈಗೆ ಹಾಗೆಯೇ ಅನ್ವಯಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಉದಾಹರಣೆಗೆ, ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲೂಕಿನ ಭಂಡಾರಕವಠೆ ಭೀಮಾ ನದಿಯ ದಂಡೆಯಲ್ಲಿದೆ. ಆಚೆ ದಂಡೆ ಕರ್ನಾಟಕದ ವಿಜಯಪುರ ಜಿಲ್ಲೆ. ಎರಡೂ ಕಡೆ ಕನ್ನಡದ ಮಾತು, ಹಿಂಗಾರಿ ಬಿಳಿಜೋಳದ ಊಟ. ಇಲ್ಲಿ ಬಹುಕಾಲದಿಂದ ಬಿತ್ತುತ್ತಿರುವ ಎಂ 35-1 ತಳಿಯನ್ನು ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ದದ್ದು ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ. ಸೈನ್ಯದ ಭರ್ತಿಗೆ ಓಡುವ ಹುಡುಗ, ಲಾರಿಗೆ ಕಬ್ಬಿನ ಹೊರೆ ಏರಿಸುವ ಕೂಲಿ, ಸೋಲಾಪುರದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲ, ಈ ಮೂವರ ತಟ್ಟೆಯೂ ಹೆಚ್ಚುಕಡಿಮೆ ಒಂದೇ.

ಸೈನಿಕನ ಹೊರೆಗೂ ಹಮಾಲನ ಹೊರೆಗೂ ದೊಡ್ಡ ಅಂತರವಿಲ್ಲ. 2003ರಲ್ಲಿ ಅಫಘಾನಿಸ್ತಾನದಲ್ಲಿ ಅಮೆರಿಕದ ಪದಾತಿದಳದವರು ಪಯಣದ ವೇಳೆ ಹೊರುತ್ತಿದ್ದ ಭಾರ ಸರಾಸರಿ 46 ಕೆ.ಜಿ. ವಯಸ್ಕ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಭಾರ ಹೊತ್ತು ನಡೆಯುವಾಗ, ಅದರಲ್ಲೂ ಇಳಿಜಾರಿನಲ್ಲಿ, ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳಾಗುವುದು ಆಗಲೇ. ಅವುಗಳ ರಿಪೇರಿಗೆ ಹೊಸ ಪ್ರೋಟೀನ್ ಬೇಕು. ಪ್ರೋಟೀನ್ ಕಟ್ಟಲು ಬೇಕಾದ ಒಂಬತ್ತು ಅಗತ್ಯ ಅಮೈನೋ ಆಮ್ಲಗಳನ್ನು ಮೈ ತಾನೇ ತಯಾರಿಸಿಕೊಳ್ಳಲಾರದು, ಅವು ಊಟದಿಂದಲೇ ಬರಬೇಕು.

ಇವುಗಳಲ್ಲಿ ಹೆಚ್ಚು ಪ್ರಚಾರ ಸಿಕ್ಕಿರುವುದು ಲ್ಯೂಸಿನ್‌ಗೆ. ಪ್ರೋಟೀನ್ ಕಟ್ಟುವ ಕೆಲಸಕ್ಕೆ ಜೀವಕೋಶದಲ್ಲಿ ಚಾಲನೆ ಕೊಡುವುದು ಅದು. ಅಮೆರಿಕದ ಸೇನಾ ಸಂಶೋಧಕ ಪಾಸಿಯಾಕೋಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್ ತುಳಿಯುವ ವೇಳೆ 10 ಗ್ರಾಂ ಅಗತ್ಯ ಅಮೈನೋ ಆಮ್ಲ ಕುಡಿದವರಲ್ಲಿ, ಅದರೊಳಗಿನ ಲ್ಯೂಸಿನ್ ಪಾಲು 1.87 ಗ್ರಾಂನಿಂದ 3.5 ಗ್ರಾಂಗೆ ಏರಿದಾಗ ಸ್ನಾಯು ಪ್ರೋಟೀನ್ ತಯಾರಿ ಶೇ. 33 ಹೆಚ್ಚಿತು. ಆದರೆ ಅದು ಕೆಲವೇ ತಾಸುಗಳ ಅಳತೆ, ಅದೂ ಬೆನ್ನಿಗೆ ಹೊರೆಯಿಲ್ಲದೆ. ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಬ್ರಿಟನ್ನಿನ ಬ್ಲ್ಯಾಕರ್ ಮತ್ತು ಸಂಗಡಿಗರ 2010ರ ಪ್ರಯೋಗ. 10 ಜನ ಗಂಡಸರು 25 ಕೆ.ಜಿ. ಹೊತ್ತು ಎರಡು ತಾಸು ನಡೆದರು. ಹಾಲಿನ ಪ್ರೋಟೀನ್ ಕುಡಿದಾಗ 48 ತಾಸಿನೊಳಗೆ ಮೊಣಕಾಲು ಚಾಚುವ ಬಲ ಮರಳಿತು. ಬರೀ ಶರ್ಕರಪಿಷ್ಟ ಕುಡಿದಾಗಲೂ ಮರಳಿತು. ಏನೂ ಸತ್ವವಿಲ್ಲದ ಪಾನೀಯ ಕುಡಿದಾಗ ಮಾತ್ರ ಬಲ ಹಿಂದುಳಿಯಿತು. ಪ್ರೋಟೀನ್ ಪುಡಿಯ ಡಬ್ಬಿ ಮಾರುವವರ ಮಾತಿನಲ್ಲಿ ಈ ಫಲಿತಾಂಶ ಕೇಳಿಬರುವುದಿಲ್ಲ. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು: ಹೊಟ್ಟೆತುಂಬ ಅನ್ನ ಮೊದಲು, ಅಮೈನೋ ಆಮ್ಲದ ಲೆಕ್ಕ ಆಮೇಲೆ.

ಆ ಲೆಕ್ಕವನ್ನೂ ಈಗ ನೋಡೋಣ. ದುಡಿಯುವ ಗಂಡಾಳು ದಿನಕ್ಕೆ ಅರ್ಧ ಕಿಲೋ ಜೋಳದ ಹಿಟ್ಟು ಉಂಡನೆಂದು ಇಟ್ಟುಕೊಂಡರೆ ಸುಮಾರು 50 ಗ್ರಾಂ ಪ್ರೋಟೀನ್ ಆಯಿತು. ಜೋಳದ ಪ್ರೋಟೀನ್‌ನಲ್ಲಿ ಲ್ಯೂಸಿನ್ ಶೇ. 12ರಷ್ಟು, ಇನ್ನೊಂದು ಅಗತ್ಯ ಅಮೈನೋ ಆಮ್ಲವಾದ ಲೈಸಿನ್ ಶೇ. 2.3ರಷ್ಟು. ಎಂದರೆ 6 ಗ್ರಾಂ ಲ್ಯೂಸಿನ್, 1.15 ಗ್ರಾಂ ಲೈಸಿನ್. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ 60 ಕೆ.ಜಿ. ತೂಕದ ವಯಸ್ಕನಿಗೆ ದಿನಕ್ಕೆ ಬೇಕಾದದ್ದು ಸುಮಾರು 2.3 ಗ್ರಾಂ ಲ್ಯೂಸಿನ್, 1.8 ಗ್ರಾಂ ಲೈಸಿನ್. ಲ್ಯೂಸಿನ್ ಎರಡೂವರೆ ಪಟ್ಟು ಮಿಕ್ಕಿದೆ. ಲೈಸಿನ್ ಮೂರರಲ್ಲಿ ಎರಡು ಪಾಲಿಗೂ ಸಾಲದು. ಲೈಸಿನ್‌ನ ಈ ಅಳತೆಗೆ ಕನ್ನಡ ನಾಡಿನ ನಂಟೂ ಇದೆ: ಅದನ್ನು ಭಾರತೀಯ ಮೈಗಳಲ್ಲಿ ಪರೀಕ್ಷಿಸಿ ಗಟ್ಟಿಗೊಳಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು.

ಜೋಳದಲ್ಲಿ ಲ್ಯೂಸಿನ್ ಅತಿಯಾಗಿರುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳವೇ ಮುಖ್ಯ ಆಹಾರವಾದ ಬಡವರಲ್ಲಿ ಕಾಣುವ ಪೆಲಾಗ್ರಾ ರೋಗಕ್ಕೆ ಈ ಅತಿ ಲ್ಯೂಸಿನ್ ಕಾರಣವಿರಬಹುದೆಂದು ವಾದಿಸಿದರು. ಮುಂದಿನ ಅಧ್ಯಯನಗಳೆಲ್ಲ ಆ ವಾದವನ್ನು ಎತ್ತಿಹಿಡಿಯಲಿಲ್ಲ. ಹಾಗಿದ್ದರೂ ಜೋಳ ಉಣ್ಣುವವನಿಗೆ ಬರೀ ಲ್ಯೂಸಿನ್ ಪುಡಿ ಕೊಡುವ ಮುನ್ನ ಈ ಚರ್ಚೆಯನ್ನು ಓದಿಕೊಳ್ಳುವುದು ಸಂಶೋಧಕನ ಹೊಣೆ. ಅಲ್ಲದೆ, ಲೈಸಿನ್ ಇಲ್ಲದಿದ್ದರೆ ಲ್ಯೂಸಿನ್ ಕೊಟ್ಟ ಚಾಲನೆ ನಡುವೆಯೇ ನಿಲ್ಲುತ್ತದೆ.

ಕೊರತೆ ತುಂಬುವ ಪದಾರ್ಥ ಅಡುಗೆಮನೆಯಲ್ಲಿಯೇ ಇದೆ. 50 ಗ್ರಾಂ ಕಡಲೆ ಹಿಟ್ಟಿನ ಝುಣಕದಲ್ಲಿ ಸುಮಾರು 0.7 ಗ್ರಾಂ ಲೈಸಿನ್ ಸಿಗುತ್ತದೆ. ಕಾಗದದ ಮೇಲೆ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಸೋಲಾಪುರದ ಹೆಸರಾಂತ ಶೇಂಗಾ ಚಟ್ನಿ ಮಾತ್ರ ಈ ಕೆಲಸಕ್ಕೆ ಒದಗದು, ಶೇಂಗಾ ಪ್ರೋಟೀನ್‌ನಲ್ಲೂ ಲೈಸಿನ್ ಕಡಿಮೆ. ಅದು ಕೊಡುವುದು ಶಕ್ತಿ. ಬೇಯಿಸಿದ ಜೋಳದ ಪ್ರೋಟೀನ್ ಚೆನ್ನಾಗಿ ಅರಗುವುದೂ ಇಲ್ಲ. ಆದ್ದರಿಂದ ನಿಜವಾದ ಕೊರತೆ ಮೇಲಿನ ಅಂಕಿಗಿಂತ ದೊಡ್ಡದು. ಝುಣಕದ ಜೊತೆ ಮೊಸರು, ತೊಗರಿ ಬೇಳೆ, ಮಡಕಿ ಕಾಳೂ ಬೇಕಾಗುತ್ತವೆ. ಇವು ದುಬಾರಿಯಾದ ದಿನ ಕೂಲಿಯವನ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದು ಲೈಸಿನ್.

ಈ ಲೆಕ್ಕವನ್ನು ಪರೀಕ್ಷೆಗೆ ಒಡ್ಡಲು, ಸಂಶೋಧಕ ಫ್ಲಾಕೋಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಮಾದರಿಯಾಗಬಲ್ಲದು. ಅಮೆರಿಕದ ನೌಕಾ ಪದಾತಿದಳದ ಹೊಸ ಭರ್ತಿಯವರಿಗೆ 54 ದಿನ, ಕವಾಯತು ಮುಗಿದೊಡನೆ 10 ಗ್ರಾಂ ಪ್ರೋಟೀನ್, 8 ಗ್ರಾಂ ಶರ್ಕರಪಿಷ್ಟ, 3 ಗ್ರಾಂ ಕೊಬ್ಬು ಕೊಟ್ಟಾಗ ಸ್ನಾಯು ಮತ್ತು ಕೀಲು ತೊಂದರೆಗೆಂದು ವೈದ್ಯರ ಬಳಿಗಿನ ಭೇಟಿಗಳು ಶೇ. 37 ಕಡಿಮೆಯಾದವು. ಇಂಥದೇ ಪರೀಕ್ಷೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರಕ್ಕೆ ಬರುವ ಗಡಿಭಾಗದ ಹುಡುಗರಲ್ಲೂ, ಸೋಲಾಪುರದ ಹಮಾಲರಲ್ಲೂ ನಡೆಯಬೇಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯಕ್ಕೆ ಇದು ನಿಲುಕದ ಕೆಲಸವಲ್ಲ. ಒಂದು ಗುಂಪಿಗೆ ಲ್ಯೂಸಿನ್ ಪುಡಿ, ಇನ್ನೊಂದಕ್ಕೆ ಅಷ್ಟೇ ಬೆಲೆಯ ಕಡಲೆ ಮತ್ತು ಹಾಲು, ಮೂರನೆಯದಕ್ಕೆ ಆ ಕಡಲೆ-ಹಾಲಿನಷ್ಟೇ ಶಕ್ತಿಯ ಬೆಲ್ಲ ಕೊಟ್ಟು, ಹೊರೆ ಹೊತ್ತ 48 ತಾಸಿನ ನಂತರ ತೊಡೆಯ ಬಲ ಅಳೆಯಬೇಕು.